ಒಂದೇ ಸಾಲು

ಎರಡು ಸಾಲುಗಳು ಒಂದಾಗಿಬಿಟ್ಟಿದ್ದವು.

ನಾಲ್ಕು ಆಸ್ಪತ್ರೆಗಳ ರಕ್ತದ ದಾಖಲೆಗಳನ್ನು ಒಂದೇ ಪಟ್ಟಿಗೆ ತರುವ ಪ್ರೋಗ್ರಾಂ ಅವನೇ ಬರೆದದ್ದು. ದಾಖಲೆಗಳಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ಜನ್ಮದಿನವೂ ಜೀನುಗಳೂ ಹೊಂದಿದರೆ ಒಬ್ಬನೇ ಎರಡು ಕಡೆ ರಕ್ತ ಕೊಟ್ಟಿದ್ದಾನೆ ಎಂದರ್ಥ, ಕೂಡಿಸು. ಅವಳಿಗಳ ವಿಚಾರ ಅವನಿಗೆ ಹೊಳೆದೇ ಇರಲಿಲ್ಲ. ಅವಳಿಯಾಗಿ ಹುಟ್ಟಿದವನಿಗೆ.

ಒಂದು ಸಂಖ್ಯೆ ಅವನದು. ರೋಗಿಗಳ ರಕ್ತದೊಂದಿಗೆ ಹೋಲಿಸಲು ಆರೋಗ್ಯವಂತನಾಗಿ ಕೊಟ್ಟ ರಕ್ತ. ಇನ್ನೊಂದು, ಏಳು ನಿಮಿಷ ಮೊದಲು ಹುಟ್ಟಿ ಈಗ ಆಸ್ಪತ್ರೆಯಲ್ಲಿ ಮಲಗಿರುವ ಅಣ್ಣನದು. ಕೂಡಿದ ಸಾಲಿನಲ್ಲಿ ರೋಗ ಇದೆ ಎಂದೂ ಇದೆ, ರೋಗ ಇಲ್ಲ ಎಂದೂ ಇದೆ. ಇಂಥ ಸಾಲುಗಳನ್ನು ಪ್ರೋಗ್ರಾಂ ಹೊರಗೆ ಹಾಕುತ್ತದೆ. ಉಳಿದವರಲ್ಲಿ ಹೊಸ ಔಷಧ ಯಾರಿಗೆ ಎಂಬ ಪಟ್ಟಿ ಇವತ್ತು ಸಂಜೆ ಐದು ಗಂಟೆಗೆ ಮುಚ್ಚುತ್ತದೆ.

ಅವನು ವಿಷಯ ಹೇಳಿದಾಗ ಕಚೇರಿಯ ಮೇಲ್ವಿಚಾರಕಿ ತಲೆಯೆತ್ತಲಿಲ್ಲ. "ಸಾಲು ಬಿಡಿಸೋ ಫಾರಂ ಇದೆಯಲ್ಲ."

"ಅದು ಅಣ್ಣನ ಮೈಮೇಲಿನ ಗುರುತು ಕೇಳುತ್ತೆ, ಮೇಡಂ."

"ಬರಿ. ಆಸ್ಪತ್ರೆ ರಿಜಿಸ್ಟರಿಗೆ ತಾಳೆಯಾದರೆ ಬಿಡಿಸ್ತಾರೆ. ತಪ್ಪಾದರೆ ಎರಡನೇ ಸಲ ತಗೊಳ್ಳಲ್ಲ. ಆ ನಿಯಮ ಹಾಕಿಸಿದ್ದು ನೀನೇ ತಾನೆ?" ಆಮೇಲೆ ನಕ್ಕಳು. "ನಿನ್ನಂಥೋನು ಇನ್ನೊಬ್ಬ ಇದ್ದಾನಾ? ಹೇಳಲೇ ಇಲ್ಲವಲ್ಲೋ ಮಹರಾಯ!"

"ಸಂದರ್ಭ ಬರಲಿಲ್ಲ."

ಹುಬ್ಬಿನ ಮೇಲೆ ಗಾಯದ ಕಲೆ. ಒಂಬತ್ತನೇ ವಯಸ್ಸಿನಲ್ಲಿ ಅಣ್ಣ ಮೆಟ್ಟಿಲಿಂದ ಬಿದ್ದಾಗ ಆದದ್ದು. ತಳ್ಳಿದವನು ಇವನೇ. ಎಡ ಹುಬ್ಬೋ, ಬಲವೋ?

ನಾಲ್ಕೂಮುಕ್ಕಾಲಿಗೆ ಅತ್ತಿಗೆಗೆ ಫೋನ್ ಮಾಡಿದ.

"ಅಬ್ಬಾ, ದೊರೆಗಳಿಗೆ ಈಗ ನೆನಪಾಯ್ತಾ! ಎಂಟು ತಿಂಗಳು."

"ಕೆಲಸ, ಅತ್ತಿಗೆ. ಅಣ್ಣನ ಹುಬ್ಬಿನ ಕಲೆ ಯಾವ ಕಡೆ? ಎಡಗಡೆನಾ?"

"ಉಸಿರಾಡ್ತಿದ್ದಾರಾ ಅಂತ ಕೇಳಲ್ಲ, ಕಲೆ ಕೇಳ್ತೀಯ?"

ಕಾರಣ ಹೇಳಬೇಕಿತ್ತು. ಅಣ್ಣನನ್ನು ಹೊರಗೆ ಹಾಕಿದ್ದು ತನ್ನದೇ ಪ್ರೋಗ್ರಾಂ ಎನ್ನಲು ನಾಲಿಗೆ ಏಳಲಿಲ್ಲ.

"ಬೇಗ ಹೇಳಿ, ಅತ್ತಿಗೆ."



"ಒಂದೇ ಹಾಸಿಗೇಲಿ ಮಲಗಿ ಬೆಳೆದೋನು. ನಿನಗೆ ಗೊತ್ತಿಲ್ವಾ?"

ಫೋನ್ ಇಟ್ಟಳು. ಮತ್ತೆ ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ.

ಐದಕ್ಕೆ ಆರು ನಿಮಿಷ. ಜೇಬಿನಲ್ಲಿದ್ದ ಕೆಂಪು ಪೆನ್ನು ಹಿಡಿದು ಕೈತೊಳೆಯುವ ಕೋಣೆಗೆ ನಡೆದ. ಕನ್ನಡಿಯಲ್ಲಿದ್ದ ಮುಖ ಹೇಗೂ ಅಣ್ಣನದೇ. ಕಲೆಯ ಹಾಗೆ ಎಡ ಹುಬ್ಬಿನ ಮೇಲೆ ಗೆರೆ ಎಳೆದು ನೋಡಿದ. ಸರಿ ಅನ್ನಿಸಿತು. ಉಗುಳು ಹಚ್ಚಿ ಉಜ್ಜಿದ, ಹೋಗಲಿಲ್ಲ. ಬಲಗಡೆಯೂ ಎಳೆದ. ಅದೂ ಸರಿ ಅನ್ನಿಸಿತು.

ಎರಡು ಗೆರೆಗಳ ಆ ಮುಖವನ್ನು ಅವನು ಹಿಂದೆ ಎಲ್ಲೂ ಕಂಡಿರಲಿಲ್ಲ. ಅದು ಇವನನ್ನೇ ನೋಡುತ್ತಿತ್ತು, ಗುರುತು ಹಿಡಿಯಲು ಹೆಣಗುವವರ ಹಾಗೆ.