ಶಿವರಾಜು ಮಾಡಿದ ಫೋನು

ಶ್ರೀರಂಗಯ್ಯ ಹಾರ ಹಿಡಿದು ಒಳಗೆ ಬಂದದ್ದೇ ತಡ, ಅಂಗಳದ ಜನ ಸರಿದು ದಾರಿ ಬಿಟ್ಟರು. ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದ ಏಕಾಂತಯ್ಯನ ಶವದ ಕೊರಳಿಗೆ ಹಾರ ಹಾಕಿ, ಕೈ ಮುಗಿದು ತಿರುಗಿದ.

"ಸತ್ತೋರ ಮೇಲೆ ಸಿಟ್ಟಿಲ್ಲ ಕಣ್ರೀ. ಆದ್ರೂ ಅವತ್ತು ಆ ಫೋನ್ ಒಂದು ಎತ್ತಿದ್ರೆ ನಮ್ಮವ್ವ ಬದುಕಿರೋಳು."

"ಇವತ್ತು ಬ್ಯಾಡ ಬುಡಪ್ಪ," ಎಂದ ಪಕ್ಕದ ಮನೆಯ ಹುಚ್ಚರಂಗಯ್ಯ. ಬ್ಯಾಡ ಅಂದನೇ ಹೊರತು ಸುಳ್ಳು ಅನ್ನಲಿಲ್ಲ. ಊರಿಗೆ ಊರೇ ಅದನ್ನು ನಂಬಿ ಮೂರು ತಿಂಗಳಾಗಿತ್ತು. ಇಪ್ಪತ್ತೆಂಟು ವರ್ಷ ಕರೆಂಟ್ ಸ್ಟೇಷನ್ನಿನಲ್ಲಿ ಕೂತು, ಮಳೆಗಾಳಿ ಬಂದಾಗಲೆಲ್ಲ ಜನರ ಬೈಗುಳ ನುಂಗಿದವನಿಗೆ ಊರು ಕೊಟ್ಟ ಬಿರುದು, 'ಫೋನ್ ಎತ್ತದ ಏಕಾಂತಯ್ಯ'. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತದೆ.

ಗೇಟಿನ ಹತ್ತಿರ ಲೈನ್‌ಮನ್ ಶಿವರಾಜು ತಲೆ ತಗ್ಗಿಸಿ ನಿಂತಿದ್ದ. ಆ ಫೋನು ಮಾಡಿದ್ದು ತಾನು ಎಂದು ವಿಚಾರಣೆಯಲ್ಲಿ ಬರೆದುಕೊಟ್ಟವನು ಅವನೇ.

* * *

ಮೇ ತಿಂಗಳ ಆ ಸಂಜೆ ಹುಚ್ಚು ಗಾಳಿ, ಮಳೆ. ತೆಂಗಿನ ಮರಗಳು ಲಟಲಟ ಮುರಿದು ತಂತಿಯ ಮೇಲೆ ಬಿದ್ದವು. ಸ್ಟೇಷನ್ನಿನ ಫೋನು ಇಟ್ಟ ಕೂಡಲೇ ಮತ್ತೆ ಹೊಡೆದುಕೊಳ್ಳುತ್ತಿತ್ತು. ಏಕಾಂತಯ್ಯ ಒಬ್ಬನೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದ. "ಕಿಬ್ಬನಹಳ್ಳಿ ರಸ್ತೇಲಿ ತಂತಿ ಬಿದ್ದೈತೆ, ಯಾರೂ ತುಳೀಬೇಡಿ. ಹಾಲ್ಕುರಿಕೆಗೆ ಇಬ್ರುನ್ನ ಕಳಿಸಿವ್ನಿ. ಬೈಯಿರಿ, ಪರವಾಗಿಲ್ಲ, ಆದ್ರೆ ಕಂಬ ಎಲ್ಲಿ ಬಿತ್ತು ಅದನ್ನ ಮೊದ್ಲು ಹೇಳಿ."

ಹೊನ್ನವಳ್ಳಿ ಲೈನಿನ ಕಂಬ ಹತ್ತಿದ್ದವನು ಶಿವರಾಜು. ಹತ್ತುವ ಮುಂಚೆ ಲೈನ್ ಬಂದ್ ಮಾಡಿಸಿದ್ದ. ಇವರ ಕಸುಬಿನಲ್ಲಿ ಕಟ್ಟಳೆ ಒಂದೇ. ಬಂದ್ ಮಾಡಿಸಿದವನೇ ಕೆಳಗಿಳಿದು, ತನ್ನ ಬಾಯಿಂದಲೇ 'ಇಳಿದೆ, ಕೊಡಿ' ಅನ್ನಬೇಕು. ಅಲ್ಲಿಯವರೆಗೆ ದೇವರು ಬಂದು ಕೇಳಿದರೂ ಕರೆಂಟು ಕೊಡುವಂತಿಲ್ಲ.

ಶ್ರೀರಂಗಯ್ಯ ಫೋನ್ ಮಾಡಿ ಕೇಳಿದ. "ಸ್ವಾಮಿ, ಅವ್ವ ಆಕ್ಸಿಜನ್ ಮಿಷನ್ನಲ್ಲವ್ಳೆ. ಯುಪಿಎಸ್ ಕೈಕೊಡ್ತೈತೆ. ಮರ ಬಿದ್ದು ಆಂಬುಲೆನ್ಸೂ ಬತ್ತಿಲ್ಲ. ಹತ್ತೇ ನಿಮಿಷ ಕೊಡಿ!"

"ಕಂಬದ ಮೇಲೆ ಹುಡುಗ ಅವ್ನೆ ಕಣಪ್ಪ. ಕೊಟ್ರೆ ಸುಟ್ಟೋಯ್ತಾನೆ. ಅವ್ನು ಇಳ್ದೆ ಅಂದ ತಕ್ಷಣ ಕೊಡ್ತೀನಿ, ನಿನ್ನ ಕಾಲಿಗ್ ಬೀಳ್ತೀನಿ."

ಇತ್ತ ಏಕಾಂತಯ್ಯ ತನ್ನ ಮೊಬೈಲಿನಿಂದ ಶಿವರಾಜುಗೆ ಹಚ್ಚಿದರೆ ಸ್ವಿಚ್ ಆಫ್. ಮತ್ತೆ ಹಚ್ಚಿದ. ಮತ್ತೆ ಸ್ವಿಚ್ ಆಫ್.

ಶಿವರಾಜು ಆಗಲೇ ಇಳಿದಿದ್ದ. ನೆನೆದು ನಡುಗುತ್ತ ಬೋಂಡದಂಗಡಿಯ ಒಲೆಯ ಪಕ್ಕ ಕೂತಿದ್ದ. ಜನ ಅವನಿಗೂ ಫೋನ್ ಮಾಡಿ ಅಮ್ಮ ಅಕ್ಕ ಅಂತ ಬೈಯುತ್ತಿದ್ದರು, ಸಾಕಾಗಿ ಮೊಬೈಲ್ ಆರಿಸಿದ್ದ. ಇಳಿದೆ ಅಂತ ಹೇಳಿಲ್ಲ ಎನ್ನುವುದು ಎರಡನೇ ಟೀ ಕುಡಿದಾದ ಮೇಲೆ ನೆನಪಾಯಿತು. ಆಗಲೇ ಇಳಿದು ಮುಕ್ಕಾಲು ಗಂಟೆಯಾಗಿತ್ತು. ಅಷ್ಟರಲ್ಲಿ ಶ್ರೀರಂಗಯ್ಯನ ತಾಯಿ ಪುಟ್ಟಗಂಗಮ್ಮ ತೀರಿಕೊಂಡಿದ್ದಳು.

ವಿಚಾರಣೆಯಲ್ಲಿ ಶಿವರಾಜು, "ಇಳಿದ ಕೂಡ್ಲೇ ಅಂಗಡಿ ಫೋನಿಂದ ನಾಲ್ಕು ಸಲ ಮಾಡ್ದೆ ಸಾರ್, ಎತ್ತಲಿಲ್ಲ," ಎಂದ. ಅಂಗಡಿಯವನನ್ನು ಕೇಳುವ ಪುಣ್ಯಾತ್ಮರು ಯಾರೂ ಹುಟ್ಟಲಿಲ್ಲ. ಏಕಾಂತಯ್ಯ ಸಸ್ಪೆಂಡ್ ಆದ. ಶಿವರಾಜುವಿನ ಕೆಲಸ ಕಾಯಂ ಆಗುವುದರಲ್ಲಿತ್ತು, ಆಯಿತು.

* * *

ತೋಟದ ಗುಂಡಿಯೊಳಗೆ ಏಕಾಂತಯ್ಯನನ್ನು ಕೂರಿಸಿ, ವಿಭೂತಿ, ಪತ್ರೆ ಹಾಕಿದ್ದಾಯಿತು. ಮಣ್ಣಿಗೆ ಕೈ ಹಾಕುವಷ್ಟರಲ್ಲಿ ಹೆಂಡತಿ ಸುವರ್ಣಮ್ಮ ಅಡ್ಡ ಬಂದಳು.

"ಶಿವರಾಜು, ಬಾರಪ್ಪ ಇಲ್ಲಿ."

ಬಂದ.

"ಮೊನ್ನೆ ರಾತ್ರಿ ಎದೆ ಹಿಡ್ಕೊಂಡು ಬೀಳೋವರೆಗೂ ಇವರದು ಒಂದೇ ಮಾತು. 'ಫೋನ್ ಬಂದಿದ್ರೆ ಎತ್ತದೆ ಬುಡ್ತಿದ್ನೇನೇ?' ಉಣ್ಣೋಕ್ ಕೂತ್ರೂ ಅದೇ, ಮಲಗಿದ್ರೂ ಅದೇ. ನಾನು ಯಾರ್ನ ನಂಬ್ಲಿ? ಇವರ ಮುಂದೆ ನಿಂತು ಹೇಳು. ಮಾಡಿದ್ಯಾ?"

ಇಲ್ಲ ಅನ್ನುವ ಮಾತು ಶಿವರಾಜುವಿನ ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. ಎದುರಿಗೆ ಶ್ರೀರಂಗಯ್ಯ ನಿಂತಿದ್ದ. ಇನ್ನೊಂದು ಕಡೆ ಆಫೀಸಿನವರು.

"ಮಾಡ್ದೆ ಕಣಕ್ಕ," ಎಂದ.

ಸುವರ್ಣಮ್ಮ ಗುಂಡಿಯ ಕಡೆ ಬಾಗಿದಳು. "ಕೇಳಿಸ್ತೇನ್ರೀ? ಮಾಡಿದ್ನಂತೆ. ಗಲಾಟೇಲಿ ನಿಮ್ಮ ಕಿವಿಗೆ ಬಿದ್ದಿಲ್ಲ. ಇನ್ನಾದ್ರೂ ಒಪ್ಕಂಡು ನೆಮ್ಮದಿಯಾಗಿ ಹೋಗಿ."

ಆಮೇಲೆ ಎದ್ದು ಶ್ರೀರಂಗಯ್ಯನಿಗೆ ಕೈ ಮುಗಿದಳು. "ತಪ್ಪು ನಮ್ಮೋರ್ದೇ ಕಣಪ್ಪ. ಹೊಟ್ಟೆಗ್ ಹಾಕ್ಕೋ."

ಶ್ರೀರಂಗಯ್ಯ ಕಣ್ಣೊರೆಸಿಕೊಂಡ. "ಆಗಿದ್ದು ಆಯ್ತು ಬುಡಿ ತಾಯಿ."

ಶಿವರಾಜು ಯಾರದೋ ಕೈಯಿಂದ ಗುದ್ದಲಿ ಕಿತ್ತುಕೊಂಡು ಮಣ್ಣೆಳೆಯತೊಡಗಿದ. ಗುಂಡಿ ತುಂಬಿತು, ನೆಲಕ್ಕೆ ಸಮನಾಯಿತು, ದಿಬ್ಬವೂ ಆಯಿತು. "ಸಾಕು ಬುಡ್ಲಾ," ಎಂದು ಹುಚ್ಚರಂಗಯ್ಯ ಕೈ ಹಿಡಿದ. ಅವನು ಕೊಸರಿಕೊಂಡ. ಜನ ಕಾಲು ತೊಳೆಯಲು ಹೊರಟರೂ, ಪಕ್ಕದ ತೆಂಗಿನ ಪಾತಿಯನ್ನೇ ಕೆರೆದು ಕೆರೆದು ದಿಬ್ಬದ ಮೇಲೆ ಮಣ್ಣು ಸುರಿಯುತ್ತಿದ್ದ.