ಮೇಲಿಂದಲೋ ಕೆಳಗಿಂದಲೋ

"ಕೊಡ್ರೀ ಇಲ್ಲಿ!" ನಾನು ಪೆನ್ನು ಕಿತ್ತುಕೊಳ್ಳುವಷ್ಟರಲ್ಲಿ ನನ್ನ ಗಂಡ ಒಪ್ಪಿಗೆ ಪತ್ರಕ್ಕೆ ಸಾಕ್ಷಿಯ ಸಹಿ ಹಾಕಿ, ಅದರಡಿ ಎರಡು ಗೆರೆಯನ್ನೂ ಎಳೆದಾಗಿತ್ತು.

"ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯೋದು ಅಂತ ಬರೆದಿದೆ. ಓದಿದ್ರಾ?"

"ಕನ್ನಡಕ ತಂದಿಲ್ಲ. ನರ್ಸಮ್ಮ ಕೇಳಿದ್ರು, ಮೇಲಿಂದಾನಾ ಕೆಳಗಿಂದಾನಾ ಅಂತ. ಮೇಲಿಂದಾನೇ ಇರ್ಲಿ ಅಂದೆ."

"ಯಾಕೆ?"

"ಕೆಳಗಿನ ಮಹಡಿ ಆಪರೇಷನ್ ಥಿಯೇಟರ್‌ಗೆ ಹೋಗೋ ಲಿಫ್ಟ್ ಸರಿಯಿಲ್ಲ ಕಣೇ. ಈ ವರ್ಷ ನಾನೇ ನಾಲ್ಕು ಸಲ ರಿಪೇರಿ ಮಾಡಿದೀನಿ. ನಿನ್ನ ಸ್ಟ್ರೆಚರ್ ಮಧ್ಯದಲ್ಲಿ ಸಿಕ್ಕಾಕೊಂಡ್ರೆ?"

ಲಿಫ್ಟ್ ಮೆಕ್ಯಾನಿಕ್‌ನನ್ನು ಕಟ್ಟಿಕೊಂಡವಳ ಹಣೆಬರಹ. ಮೇಲೆ ಎಂದರೂ ಮಹಡಿ, ಕೆಳಗೆ ಎಂದರೂ ಮಹಡಿ.

ಹೋದ ವಾರ ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಚಿತ್ರ ಬಿಡಿಸಿ ಹೇಳಿದ್ದರು. ಗಡ್ಡೆ ನಿಂಬೆಹಣ್ಣಿನಷ್ಟು, ಕ್ಯಾನ್ಸರ್ ಅಲ್ಲ. ಹೊಟ್ಟೆ ಕೊಯ್ದರೆ ಆರು ವಾರ ಹೊಲಿಗೆ ಮಿಷನ್ನು ಮುಟ್ಟುವಂತಿಲ್ಲ. ಸಣ್ಣ ತೂತುಗಳಿಂದ ಕ್ಯಾಮರಾ ತೂರಿಸಿಯೂ ತೆಗೆಯಬಹುದು. ಇಲ್ಲವೇ ಕೆಳಗಿನಿಂದ, ಮಕ್ಕಳು ಬಂದ ದಾರಿಯಲ್ಲೇ, ಹೊಟ್ಟೆಗೆ ಬ್ಲೇಡು ತಾಕಿಸದೆ. "ಎರಡೂ ಹೆರಿಗೆ ಸಲೀಸಾಗಿ ಆಗಿದೆಯಲ್ಲ, ನಿಮಗೆ ಇದೇ ಒಳ್ಳೇದು. ಮೂರು ನಾಲ್ಕು ವಾರಕ್ಕೆ ಪೆಡಲ್ ತುಳೀಬಹುದು" ಎಂದಿದ್ದರು. ಶಾಲೆ ತೆರೆಯಲು ಇನ್ನು ಏಳೇ ವಾರ. ಎಂಬತ್ತು ಸಮವಸ್ತ್ರ ಕತ್ತರಿಸಿ ಕಟ್ಟಿಟ್ಟಿದ್ದೇನೆ. ಹೊಲಿಯುವ ಕೈ ನನ್ನದೊಂದೇ.

"ಕೆಳಗಿಂದ ಅಂತೆ! ನಾಲ್ಕು ಜನಕ್ಕೆ ಹೇಳ್ಕೊಳ್ಳೋ ಹಾಗಿರ್ಬೇಕು" ಎಂದರು ಬೆಂಚಿನ ಮೇಲಿದ್ದ ಅತ್ತಿಗೆ, ನನ್ನ ಗಂಡನ ಅಕ್ಕ. "ನನಗೂ ಹೊಟ್ಟೆ ಕೊಯ್ದೇ ತೆಗೆದಿದ್ದು. ನೋಡು, ಗುಂಡುಕಲ್ಲಿನ ಹಾಗಿದೀನಿ."

"ಎರಡು ತಿಂಗಳು ನಿಮ್ಮ ತಲೆ ಬಾಚಿದ್ದು ನಾನು, ಅತ್ತಿಗೆ. ಮರೀಬೇಡಿ."

ಗಂಡನಿಗೆ ಈಗ ಹೊಳೆಯಿತು. ಕಿವಿ ಕೆಂಪಾಯಿತು. "ಅಂದ್ರೆ... ಕೆಳಗಿಂದ ಅಂದ್ರೆ..."

"ಹ್ಞೂಂ. ಅಲ್ಲಿ ಲಿಫ್ಟ್ ಇಲ್ಲ."

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಪತ್ರವನ್ನು ನನ್ನತ್ತ ತಳ್ಳಿದರು. ರೋಗಿಯ ಸಹಿಯ ಜಾಗ ಖಾಲಿಯಿತ್ತು.

"ಆಗಿದ್ದು ಆಯ್ತು. ನಾಳೆ ಬೆಳಗ್ಗೆ ಮೊದಲನೇ ಆಪರೇಷನ್ನೇ ನಿಮ್ದು, ಥಿಯೇಟರ್‌ಗೆ ಪಟ್ಟಿ ಹೋಗಿಬಿಟ್ಟಿದೆ. ಕೆಳಗಿಂದ ಮಾಡೋ ಡಾಕ್ಟ್ರು ಬರೋದು ಮುಂದಿನ ಗುರುವಾರ. ಅಲ್ಲೀವರೆಗೂ ರಕ್ತ ಹೋಗ್ತಾನೇ ಇರುತ್ತೆ."

"ಒಂದು ವರ್ಷದಿಂದ ಹೋಗ್ತಿದೆ. ಒಂದು ವಾರ ಏನು ಮಹಾ."

"ಎಲ್ಲಿಂದ ತೆಗೆದ್ರೇನಮ್ಮ, ತೆಗೆಯೋದು ಅದನ್ನೇ ತಾನೇ?"

"ಅಂಚಿನ ಹೊಲಿಗೆ ಬಿಚ್ಚಿದ್ರೆ ಆಗೋ ಕೆಲಸಕ್ಕೆ ಯಾರಾದ್ರೂ ನಡು ಬಟ್ಟೆಗೆ ಕತ್ತರಿ ಹಾಕ್ತಾರಾ?"

"ಹಟ ಮಾಡ್ಬೇಡ್ವೇ" ಎಂದರು ಅತ್ತಿಗೆ. ಗಂಡ ತನ್ನದೇ ಸಹಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ, ಅಳಿಸಿಹೋಗುವುದೇನೋ ಎಂಬಂತೆ.

ನರ್ಸಮ್ಮ ಖಾಲಿ ಗೆರೆಯ ಮೇಲೆ ಬೆರಳಿಟ್ಟರು. "ಇಲ್ಲಿ ಹಾಕಿ. ನಾಳೆ ಇಷ್ಟೊತ್ತಿಗೆ ಎಲ್ಲ ಮುಗಿದಿರುತ್ತೆ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ನಾಳೆ ಬೇಡ. ಸಹಿ ಹಾಕಲ್ಲ."