ನಿಂತವರ ಸ್ಟೂಲು

ನಾನು ಒಂದು ಸ್ಟೂಲು. ನನಗೆ ಬೆನ್ನಿಲ್ಲ, ಕೈಗಳಿಲ್ಲ; ನಾಲ್ಕು ಕಾಲು, ಮೇಲೊಂದು ಹಲಗೆ, ಅಷ್ಟೇ. ಕುರ್ಚಿಗಳ ಸಂಸಾರದಲ್ಲಿ ನಮ್ಮದು ಬಡ ಕವಲು. ಆದರೆ ನನಗೆ ಅದರ ಕೊರಗಿಲ್ಲ. ಕುರ್ಚಿಯ ಮೇಲೆ ಕೂತವರು ಕೊಟ್ಟ ಮಾತು ಮರೆಯುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನನ್ನ ಮೇಲೆ ನಿಂತ ಮನುಷ್ಯ ಮೂವತ್ತು ವರ್ಷಕ್ಕೂ ಮೀರಿ ಒಂದೇ ಮಾತು ಆಡಿದರು, ಒಂದು ದಿನವೂ ಅದನ್ನು ಬದಲಿಸಲಿಲ್ಲ.

ಸವಳಗೇರಿಯ ಮೌನೇಶಪ್ಪ ಬಡಿಗೇರ ನನ್ನನ್ನು ಮಾಡಿದವರು. ಯಾರದೋ ಮನೆಯ ಬಾಗಿಲು ಚೌಕಟ್ಟಿಗೆ ತಂದ ಬೇವಿನ ಮರದಲ್ಲಿ ಉಳಿದ ತುಂಡುಗಳಿಂದ ನಾನು ಹುಟ್ಟಿದೆ. ಮೌನೇಶಪ್ಪನವರ ಕೈ ಒಳ್ಳೆಯದು, ಕಣ್ಣು ಸ್ವಲ್ಪ ಮಂಜು. ಹಾಗಾಗಿ ನನ್ನ ಒಂದು ಕಾಲು ಕೂದಲೆಳೆಯಷ್ಟು ಗಿಡ್ಡವಾಯಿತು. ಕೊಳ್ಳಲು ಬಂದ ಏಕನಾಥ ಸಿಂಪಿ ನನ್ನನ್ನು ನೆಲಕ್ಕಿಟ್ಟು ಒತ್ತಿ ನೋಡಿದರು. ನಾನು ಓಲಾಡಿದೆ. ಅವರು ನಕ್ಕು, ಕಾಗದ ಮಡಚಿ ಇಟ್ಟರೆ ಸರಿಹೋಗುತ್ತದೆ ಎಂದು ಹೇಳಿ ಹೆಗಲ ಮೇಲೆ ಹೊತ್ತುಕೊಂಡು ಹೋದರು.

ಏಕನಾಥರದು ಟೇಲರ್ ಅಂಗಡಿ, ರೈಲ್ವೆ ಗೇಟಿಗೆ ಅಂಟಿಕೊಂಡೇ ಇತ್ತು. ಸವಳಗೇರಿಯನ್ನು ರೈಲು ಹಳಿ ಎರಡು ಪಾಲು ಮಾಡಿದೆ. ಸಂತೆ, ಅಂಗಡಿ, ಮನೆಗಳೆಲ್ಲ ಈ ಕಡೆ. ಶಾಲೆ, ದೊಡ್ಡ ಆಸ್ಪತ್ರೆ ಆ ಕಡೆ. ಗಿರಾಕಿಗಳು ಕೂರಲೆಂದು ನನ್ನನ್ನು ತಂದಿದ್ದರೂ ಹೆಚ್ಚಾಗಿ ನನ್ನ ಮೇಲೆ ಕೂರುತ್ತಿದ್ದವಳು ಅವರ ಹೆಂಡತಿ ರುಕ್ಮಾಬಾಯಿ. ಗುಂಡಿ, ಕಾಜಾ ಕೆಲಸವೆಲ್ಲ ಅವಳದು. ಹೊಲಿಯುತ್ತ ಹೊಲಿಯುತ್ತ ಅವಳು ನನ್ನನ್ನು ಮೆಲ್ಲಗೆ ಓಲಾಡಿಸುತ್ತಿದ್ದಳು. ಆ ಗಿಡ್ಡ ಕಾಲಿನ ಕೆಳಗೆ ಕಾಗದ ಇಡಲು ಅವಳೇ ಬಿಡಲಿಲ್ಲ. ನನ್ನ ಕುಂದನ್ನು ಇಷ್ಟಪಟ್ಟವಳು ಲೋಕದಲ್ಲಿ ಅವಳೊಬ್ಬಳೇ.

ಮುಂದಿನದನ್ನು ಹೇಳಲು ನನಗೆ ಕಷ್ಟವಾಗುತ್ತದೆ, ಆದರೆ ಹೇಳದೆ ಕತೆಯೇ ಇಲ್ಲ.

ಅವಳಿಗೆ ದಿನ ತುಂಬಿತ್ತು. ಒಂದು ಮಧ್ಯಾಹ್ನ ನೋವು ಶುರುವಾಯಿತು. ಏಕನಾಥರು ಟಾಂಗಾ ಕರೆತಂದರು. ಅಂಗಡಿಯಿಂದ ಗೇಟಿಗೆ ಇಪ್ಪತ್ತು ಹೆಜ್ಜೆ. ಟಾಂಗಾ ಅಲ್ಲಿಗೆ ಹೋಗುವಷ್ಟರಲ್ಲಿ ಗೇಟು ಬಿತ್ತು. ಒಂದು ಮಾಲಗಾಡಿ ಬಂದು ಡಬ್ಬಿಗಳನ್ನು ಅಡ್ಡ ಹಾಕಿ ನಿಂತುಬಿಟ್ಟಿತು. ಮುಂದೆ ಸಿಗ್ನಲ್ ಇರಲಿಲ್ಲ. ಗೇಟು ಕಾಯುವ ದಾವಲಸಾಬರು ಫೋನು ತಿರುಗಿಸಿದರು, ಹಸಿರು ಬಾವುಟ ಹಿಡಿದು ಇಂಜಿನ್ನಿನವರೆಗೂ ಓಡಿದರು. ಅವರ ಕೈಯಲ್ಲಿ ಏನಿತ್ತು? ಟಾಂಗಾದಲ್ಲಿ ಇರಲಾರದೆ ರುಕ್ಮಾಬಾಯಿ ಕೆಳಗಿಳಿದಳು. ಏಕನಾಥರು ಓಡಿಬಂದು ನನ್ನನ್ನು ಎತ್ತಿಕೊಂಡು ಹೋದರು. ಗೇಟಿನ ಮುಂದೆ, ಬಿಸಿಲಿನಲ್ಲಿ, ಅವಳು ನನ್ನ ಮೇಲೆ ಕೂತು ಎರಡೂ ಕೈಗಳಿಂದ ನನ್ನ ಅಂಚನ್ನು ಹಿಡಿದುಕೊಂಡಳು. ದಾವಲಸಾಬರ ರಿಜಿಸ್ಟರಿನಲ್ಲಿ ಬರೆದಂತೆ ಗೇಟು ಮುಚ್ಚಿದ್ದು ಐವತ್ತೆರಡು ನಿಮಿಷ. ಅಷ್ಟೂ ಹೊತ್ತು ಅವಳ ನೋವೆಲ್ಲ ಆ ಹತ್ತು ಬೆರಳುಗಳಿಂದ ನನ್ನೊಳಗೆ ಇಳಿಯಿತು. ಗೇಟು ಎದ್ದಾಗ ಅವಳನ್ನು ಎತ್ತಿಕೊಂಡು ಹೋದರು. ಆಸ್ಪತ್ರೆಯಲ್ಲಿ ಹೆಣ್ಣು ಮಗು ಉಳಿಯಿತು, ಮಾಲತಿ ಎಂದು ಹೆಸರಿಟ್ಟರು. ರುಕ್ಮಾಬಾಯಿ ಹಳಿ ದಾಟಿ ಹಿಂದಿರುಗಲಿಲ್ಲ.

ಆಮೇಲೆ ಏಕನಾಥರು ನನ್ನ ಮೇಲೆ ಯಾರನ್ನೂ ಕೂರಗೊಡಲಿಲ್ಲ. ಗಿರಾಕಿಗಳಿಗೆ ಒಂದು ಬೆಂಚು ಬಂತು. ನಾನು ಮೂಲೆ ಸೇರಿದೆ. ನನ್ನಿಂದ ತಪ್ಪಾಯಿತೇನೋ, ಇದು ಶಿಕ್ಷೆಯೇನೋ ಎಂದು ಬಹಳ ದಿನ ಅಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ವಿಧಾನಸಭೆಯ ಚುನಾವಣೆ ಬಂತು. ಆ ಭಾಗದಲ್ಲಿ ದೊಡ್ಡ ಪಕ್ಷಗಳು ಎರಡು. ಆ ಪೈಕಿ ಒಂದರ ಅಭ್ಯರ್ಥಿಯ ಜೀಪು, ಮುಂದೆ ಬ್ಯಾಂಡು, ಹಿಂದೆ ಜನ, ಎಲ್ಲ ಸೇರಿ ಮೆರವಣಿಗೆಯೇ ಗೇಟಿಗೆ ಬಂದು ಸಿಕ್ಕಿಕೊಂಡಿತು. ಏಕನಾಥರು ಕತ್ತರಿ ಕೆಳಗಿಟ್ಟರು, ನನ್ನನ್ನು ಗೇಟಿನ ಬಳಿಗೆ ತಂದರು. ಹತ್ತುವ ಮೊದಲು ಚಪ್ಪಲಿ ಬಿಟ್ಟರು. ಅವಳು ಕೂತ ಜಾಗವಲ್ಲವೇ. ಅಂದಿನಿಂದ ಕೊನೆಯವರೆಗೆ ಅವರು ಬರಿಗಾಲಿನಲ್ಲೇ ನನ್ನನ್ನು ಹತ್ತಿದರು. ಊರಿನವರಿಗೆ ಅವರ ಮುಖ ಗೊತ್ತು. ನನಗೆ ಗೊತ್ತಿರುವುದು ಅವರ ಅಂಗಾಲು. ಬಲಗಾಲು ಹೊಲಿಗೆ ಯಂತ್ರ ತುಳಿದು ತುಳಿದು ಗಟ್ಟಿಯಾಗಿತ್ತು.

"ಸಾಹೇಬ್ರ," ಎಂದರು ಅವರು, "ನೀವು ಎಲೆಕ್ಷನ್‌ಗೆ ನಿಂತೀರಿ. ನಾವು ಗೇಟಿಗೆ ನಿಂತೇವಿ. ನೀವು ಐದ ವರ್ಷಕ್ಕೊಮ್ಮೆ ನಿಲ್ಲತೀರಿ, ನಾವು ದಿನಾ ನಿಲ್ಲತೇವಿ. ಇಲ್ಲೊಂದು ಬ್ರಿಜ್ ಆಗಬೇಕ್ರಿ. ನನ್ನ ಹೆಂಡ್ತಿ ಇಲ್ಲೇ ಕೂತಿದ್ಲು."

ಸಾಹೇಬರು ಕೈ ಮುಗಿದರು. ಗೇಟು ಎದ್ದಿತು, ಬ್ಯಾಂಡು ಮತ್ತೆ ಶುರುವಾಯಿತು, ಜೀಪು ಹೋಯಿತು. ಗುಂಪಿನಲ್ಲಿ ಯಾರೋ ಚೇಷ್ಟೆಗೆ, ಹಾಗಿದ್ದರೆ ನೀವೇ ನಿಂತುಬಿಡ್ರಿ ಎಂದರು. ಚೇಷ್ಟೆಯ ಮಾತನ್ನು ಏಕನಾಥರು ನಿಜವೆಂದೇ ಹಿಡಿದರು. ಮುಂದಿನ ಚುನಾವಣೆಗೆ ಅವರು ನಿಂತರು. ಸರ್ವಸಮ ಪಕ್ಷ ಎಂಬುದೊಂದು ಸಣ್ಣ ಪಕ್ಷವಿತ್ತು. ಜಿಲ್ಲೆಯಲ್ಲಿ ಮೂರೇ ಮಂದಿ. ಕಾಲಕ್ರಮದಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ದೊಡ್ಡ ಪಕ್ಷ ಸೇರಿದರು. ಆಮೇಲೆ ಪಕ್ಷವೆಂದರೂ ಏಕನಾಥರೇ, ಅಭ್ಯರ್ಥಿಯೆಂದರೂ ಏಕನಾಥರೇ, ಸಭೆಯ ವೇದಿಕೆಯೆಂದರೆ ನಾನೇ.

ನಮ್ಮ ಸಭೆಗಳೆಲ್ಲ ಗೇಟಿನಲ್ಲೇ ನಡೆದವು. ಬೇರೆಯವರು ಲಾರಿ ಕಳಿಸಿ ಜನ ಸೇರಿಸುತ್ತಿದ್ದರು, ನಮಗೆ ರೈಲು ಸೇರಿಸುತ್ತಿತ್ತು. ಗೇಟು ಬೀಳುವ ಮೊದಲು ದಾವಲಸಾಬರು ಕಿಟಕಿಯಿಂದ ತಲೆ ಹಾಕಿ ಹೇಳುತ್ತಿದ್ದರು: "ಏಕನಾಥಣ್ಣ, ಮಾಲಗಾಡಿ ಬರಾಕತ್ತೈತಿ. ಇಪ್ಪತ್ತ ನಿಮಿಷ ಐತಿ, ಸಾವಕಾಶ ಮಾತಾಡಪಾ." ಪ್ಯಾಸೆಂಜರ್ ಗಾಡಿಯಾದರೆ ಮಾತು ಚುಟುಕು. ಗೇಟು ಎದ್ದೊಡನೆ ವಾಕ್ಯದ ನಡುವೆಯೇ ಜನ ಹೊರಟುಬಿಡುತ್ತಿದ್ದರು. ಏಕನಾಥರು ಬೇಸರಪಡುತ್ತಿರಲಿಲ್ಲ. ಮುಂದಿನ ರೈಲಿಗೆ, ಉಳಿದ ವಾಕ್ಯದಿಂದಲೇ ಶುರು ಮಾಡುತ್ತಿದ್ದರು.

ಪಕ್ಷ ಸಣ್ಣದಾದ್ದರಿಂದ ನಮಗೆ ಕಾಯಂ ಚಿಹ್ನೆ ಇರಲಿಲ್ಲ. ಒಮ್ಮೆ ಕೊಡೆ, ಒಮ್ಮೆ ಗಾಳಿಪಟ, ಒಮ್ಮೆ ಟಾರ್ಚು. ಎರಡನೆಯ ಸಲ ಮಾತ್ರ ಸಿಕ್ಕಿದ್ದು ಸ್ಟೂಲು. ನನ್ನ ಚಿತ್ರ ಗೋಡೆ ಗೋಡೆಯ ಮೇಲೆ ಬಂತು. ನಾನು ಬೀಗಿದೆ, ಸುಳ್ಳು ಹೇಳುವುದಿಲ್ಲ. ಚಿತ್ರದಲ್ಲಿ ನಾಲ್ಕೂ ಕಾಲು ಸಮ ಇದ್ದವು. ಆಗ ಕಾಗದದ ಮತಪತ್ರ, ಮುದ್ರೆ ಒತ್ತಬೇಕಿತ್ತು. "ಸ್ಟೂಲಿನ ಮ್ಯಾಲೆ ಒತ್ತರಿ" ಎಂದು ಏಕನಾಥರು ಹದಿನೈದು ದಿನ ಹೇಳಿದರು.

ಮತದಾನದ ದಿನ ಗೇಟಿನ ಬಳಿ ಹೂ ಮಾರುವ ಗಿರಿಜವ್ವ ಸೀರೆ ಬದಲಿಸಿಕೊಂಡು ಅಂಗಡಿಗೆ ಬಂದಳು. ಸೆರಗಿನ ಗಂಟಿನಿಂದ ಕುಂಕುಮ ತೆಗೆದು, ಹೆಬ್ಬೆರಳಿಗೆ ಹಚ್ಚಿಕೊಂಡು, ನನ್ನ ಹಲಗೆಯ ಮೂಲೆಗೆ ಬಲವಾಗಿ ಒತ್ತಿದಳು. "ಒತ್ತೇನಿ ನೋಡಪಾ, ಗೆದ್ದ ಬಾ," ಎಂದು ಹೇಳಿ, ಮತ ಹಾಕಿದ ಸಮಾಧಾನದಿಂದ ಬುಟ್ಟಿಯ ಹತ್ತಿರ ಹೋಗಿ ಕೂತಳು. ಮತಗಟ್ಟೆಯ ಕಡೆ ಅವಳು ಹೋಗಲೇ ಇಲ್ಲ. ತಿದ್ದಿ ಹೇಳಲು ಏಕನಾಥರು ಬಾಯಿ ತೆರೆದರು, ಅವಳ ಮುಖ ನೋಡಿ ಸುಮ್ಮನಾದರು. ಎಣಿಕೆಯಲ್ಲಿ ಮುನ್ನೂರ ಹನ್ನೆರಡು ಮತ ಬಂದವು, ಠೇವಣಿ ಹೋಯಿತು. ಎಷ್ಟು ಬಿದ್ದವು ಎಂದು ಕೇಳಿದವರಿಗೆಲ್ಲ ಏಕನಾಥರು ಮುನ್ನೂರ ಹದಿಮೂರು ಎಂದೇ ಹೇಳಿದರು. ಆಮೇಲಿನ ಚುನಾವಣೆಗಳಲ್ಲೂ ಒಂದು ಸೇರಿಸಿಯೇ ಹೇಳುತ್ತಿದ್ದರು. ಗಿರಿಜವ್ವ ಹೋದ ಮೇಲೂ ಸೇರಿಸಿದರು.

ಐದನೆಯ ಸಲದ್ದು ನಮ್ಮ ಬದುಕಿನ ಕೆಟ್ಟ ಅಧ್ಯಾಯ. ದೊಡ್ಡ ಪಕ್ಷಗಳಿಗೆ ಆ ಸಲ ಬಿಗಿ ಪೈಪೋಟಿ, ಇನ್ನೂರು ಮುನ್ನೂರು ಮತವೂ ಮುಖ್ಯ. ಒಂದು ಪಕ್ಷದ ಕಡೆಯಿಂದ ಬಸನಗೌಡರು ಎಂಬವರು ಅಂಗಡಿಗೆ ಬಂದರು. ಪ್ಯಾಂಟು ಹೊಲಿಸುವವರಂತೆ ಅಳತೆ ಕೊಟ್ಟು, ಆಮೇಲೆ ಮಾತು ತೆಗೆದರು.

"ಇಷ್ಟ ವರ್ಷ ನಿಂತೀರಿ, ಏನ ಬಂತು? ಈ ಸಲ ನೀವು ಕೂಡ್ರಿ. ನಾವು ಗೆದ್ದ ವರ್ಷದಾಗ ಬ್ರಿಜ್ ತರ್ತೇವಿ. ನಿಮಗ ಬ್ರಿಜ್ ಬೇಕೋ, ನಿಲ್ಲೂದ ಬೇಕೋ?"

ಆ ಪ್ರಶ್ನೆ ಏಕನಾಥರ ಮರ್ಮಕ್ಕೇ ತಾಗಿತು. ಅವರಿಗೆ ಬೇಕಾಗಿದ್ದದ್ದು ಸೇತುವೆಯೇ ಹೊರತು ಬೇರೇನಲ್ಲ. ಮೂರು ದಿನ ಹೊಲಿಗೆ ಕೆಟ್ಟಿತು, ಒಂದು ಅಂಗಿಗೆ ತೋಳು ತಿರುಗಾಮುರುಗಾ ಹಚ್ಚಿದರು. ಆಗ ಮಾಲತಿ ದೊಡ್ಡವಳಾಗಿದ್ದಳು, ಅಂಗಡಿಯಲ್ಲಿ ಕೂತು ತಾನೂ ಹೊಲಿಯುತ್ತಿದ್ದಳು. ಬೇಡ ಎಂದು ಅವಳು ಒಂದೇ ಸಲ ಹೇಳಿದಳು. ಏಕನಾಥರು ಹೋಗಿ ನಾಮಪತ್ರ ಹಿಂದೆ ತೆಗೆದುಕೊಂಡರು. ಒಂದು ಪೈಸೆಯನ್ನೂ ಮುಟ್ಟಲಿಲ್ಲ.

ಆ ಪಕ್ಷ ಗೆದ್ದಿತು. ಗೇಟಿನ ಪಕ್ಕದಲ್ಲಿ ಅಡಿಗಲ್ಲು ಹಾಕಿದರು, ಹೆಸರುಗಳನ್ನು ಕೆತ್ತಿದರು, ಪೇಡೆ ಹಂಚಿದರು. ಕಲ್ಲಿನ ಮೇಲೆ ಮತ್ತೊಂದು ಕಲ್ಲು ಏಳಲಿಲ್ಲ. ಐದು ವರ್ಷ ಆಡುಗಳು ಅದರ ಮೇಲೆ ಮಲಗಿದವು. ಕೂರುತ್ತೇನೆಂದು ಕೊಟ್ಟ ಮಾತಿಗೆ ಕಟ್ಟುಬಿದ್ದು ಏಕನಾಥರು ಗೇಟಿನಲ್ಲಿ ಬಾಯಿ ತೆರೆಯಲಿಲ್ಲ. ನಾನು ಅಂಗಡಿಯ ಮೂಲೆಯಲ್ಲಿ ಧೂಳು ತಿಂದೆ. ರೈಲುಗಳು ಮಾತ್ರ ಬಂದು ಹೋಗುತ್ತಿದ್ದವು, ಜನ ನಿಲ್ಲುತ್ತಲೇ ಇದ್ದರು.

ಮುಂದಿನ ಚುನಾವಣೆಗೆ ಅವರು ಮತ್ತೆ ನಿಂತಾಗ ಗೇಟಿನಲ್ಲಿ ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ರೊಕ್ಕ ತಿಂದು ಕೂತವರು ಈಗ ಮತ್ತೆ ಯಾಕೆ ಎದ್ದರು ಎಂದು ಒಬ್ಬ ಬೆನ್ನು ತಿರುಗಿಸಿಕೊಂಡೇ ಕೇಳಿದ.

"ರೊಕ್ಕ ತಿಂದಿಲ್ಲ," ಎಂದರು ಏಕನಾಥರು. "ಆದ್ರ ಕೂತಿದ್ದು ಖರೆ. ನಾ ಕೂತ ಐದ ವರ್ಷದಾಗ ಈ ಗೇಟಿನ್ಯಾಗ ನೀವು ಎಷ್ಟ ಮಂದಿ ನಿಂತೀರಿ, ಅಷ್ಟೂ ನನ್ನ ತಪ್ಪು. ಇನ್ನ ಕೂಡೂದಿಲ್ಲ. ಬ್ರಿಜ್ ಆಗೂತನಕ ಕೂಡೂದಿಲ್ಲ."

ಆ ಸಲ ನಲವತ್ತೊಂದು ಮತ. ನಲವತ್ತೆರಡು ಎಂದು ಹೇಳಲು ಅವರಿಗೆ ಧೈರ್ಯ ಸಾಲಲಿಲ್ಲ. ಮನೆಯಲ್ಲಿ ಮಾಲತಿಯೇ ಹೇಳಿದಳು.

ಅವರು ಮಾತು ಉಳಿಸಿಕೊಂಡರು. ಅಂಗಡಿಯ ಕೆಲಸ ಬಿಟ್ಟರೆ, ಊರಿನಲ್ಲಿ ಯಾರ ಮನೆಗೆ ಹೋದರೂ, ಯಾವ ಮದುವೆಗೆ ಹೋದರೂ, ಕುರ್ಚಿ ತೋರಿಸಿದರೆ ಬೇಡವೆಂದು ನಿಂತೇ ಇರುತ್ತಿದ್ದರು. ಮೊದಮೊದಲು ಜನ ಹುಚ್ಚೆಂದರು, ಆಮೇಲೆ 'ನಿಂತವರು' ಎಂದು ಕರೆಯತೊಡಗಿದರು, ಕೊನೆಗೆ ಆ ಹೆಸರಿನಲ್ಲಿ ಚೇಷ್ಟೆ ಉಳಿಯಲಿಲ್ಲ. ಮುಂದಿನ ಸಲ ಐನೂರು ಮತ ದಾಟಿದವು. ಅಷ್ಟರಲ್ಲಿ ದಾವಲಸಾಬರು ನಿವೃತ್ತಿಯಾಗಿದ್ದರು, ಏಕನಾಥರಿಗೂ ಎಪ್ಪತ್ತು ಹತ್ತಿರವಾಗಿತ್ತು. ನನ್ನನ್ನು ಹತ್ತಲು ಮಾಲತಿಯ ಹೆಗಲು ಹಿಡಿಯುತ್ತಿದ್ದರು. ವರ್ಷದಿಂದ ವರ್ಷಕ್ಕೆ ಅವರು ಹಗುರವಾಗುತ್ತಿದ್ದುದು ನನಗೊಬ್ಬನಿಗೇ ಗೊತ್ತು.

ಕೊನೆಗೆ ಸೇತುವೆ ಬಂತು. ಯಾರಿಂದ ಬಂತು ಎಂದು ಕೇಳಬೇಡಿ. ರೈಲ್ವೆಯವರು ಗೇಟುಗಳನ್ನೆಲ್ಲ ತೆಗೆಯುತ್ತಿದ್ದಾರೆ ಎಂದರು ಕೆಲವರು. ಎರಡೂ ದೊಡ್ಡ ಪಕ್ಷಗಳು ತಮ್ಮಿಂದಲೇ ಬಂತೆಂದು ಬ್ಯಾನರ್ ಕಟ್ಟಿದವು. ಅಳತೆಗೆ ಬಂದ ಇಂಜಿನಿಯರ್ ಒಬ್ಬರು ಅಂಗಡಿಯ ಮುಂದೆ ಚಹಾ ಕುಡಿಯುತ್ತ, ಈ ಗೇಟಿನ ಅರ್ಜಿಗಳದ್ದೇ ಒಂದು ದಪ್ಪ ಫೈಲು ಇದೆ, ಎಲ್ಲದರಲ್ಲೂ ಒಂದೇ ಸಹಿ ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಉದ್ಘಾಟನೆಯ ಕಾರ್ಡಿನಲ್ಲಿ ಇಪ್ಪತ್ತಾರು ಹೆಸರುಗಳಿದ್ದವು. ಆ ಸಹಿಯ ಹೆಸರು ಇರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಏಕನಾಥರು ಕಾರ್ಡನ್ನು ಮಡಚಿ, ಇಷ್ಟು ವರ್ಷದ ಮೇಲೆ ನನ್ನ ಗಿಡ್ಡ ಕಾಲಿನ ಕೆಳಗೆ ಇಟ್ಟರು. ಮರುಕ್ಷಣ ಏನೋ ನೆನಪಾದವರಂತೆ ಬಗ್ಗಿ ಅದನ್ನು ತೆಗೆದುಹಾಕಿದರು.

ಉದ್ಘಾಟನೆಯ ದಿನ ಅವರು ಹೋಗಲಿಲ್ಲ. ಹಳೆಯ ಗೇಟಿಗೆ ಗೋಡೆ ಕಟ್ಟಿದರು. ಇನ್ನು ಅಲ್ಲಿ ನಿಲ್ಲಲು ಜನವೂ ಇಲ್ಲ, ಮಾತಾಡಲು ಸಭೆಯೂ ಇಲ್ಲ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಮಾಲತಿಗೆ, ಸ್ಟೂಲು ತಗೋ, ಹೋಗೋಣ ಎಂದರು. ಸೇತುವೆಯ ಏರು ಅವರಿಗೆ ಬಹಳವಾಯಿತು, ಆರು ಕಡೆ ನಿಂತು ಉಸಿರು ತಗೊಂಡರು. ನಡುಮಧ್ಯೆ, ಕೆಳಗೆ ಹಳಿ ಕಾಣುವಲ್ಲಿ, ಮಾಲತಿ ನನ್ನನ್ನು ಇಟ್ಟಳು. ನಿಂತವರು ಬಂದಿದ್ದಾರೆ, ಮಾತಾಡುತ್ತಾರೆ ಎಂದು ನಾಲ್ಕಾರು ಸೈಕಲ್ಲಿನವರು ಇಳಿದು ನಿಂತರು. ಮಾಲತಿ ಹೆಗಲು ಕೊಟ್ಟಳು. ಏಕನಾಥರು ಚಪ್ಪಲಿ ಬಿಟ್ಟರು.

ಮತ್ತು ನನ್ನ ಮೇಲೆ ಕೂತರು.

ಅಂದು ರುಕ್ಮಾಬಾಯಿ ಎದ್ದ ಮೇಲೆ ನನ್ನ ಮೇಲೆ ಕೂತವರು ಅವರೊಬ್ಬರೇ. ಗಿಡ್ಡ ಕಾಲಿನ ಮೇಲೆ ನಾನು ಮೆಲ್ಲಗೆ ಓಲಾಡಿದೆ. ಅವರ ಕೈಗಳು ನನ್ನ ಅಂಚನ್ನು ಹುಡುಕಿ, ಅವಳು ಹಿಡಿದಿದ್ದ ಜಾಗದಲ್ಲೇ ಹಿಡಿದವು. ಇಷ್ಟು ವರ್ಷ ನನ್ನ ಮೇಲೆ ಯಾರನ್ನೂ ಕೂರಗೊಡದಿದ್ದುದು ಶಿಕ್ಷೆಯಾಗಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಕೆಳಗೆ ಮಾಲಗಾಡಿಯೊಂದು ಬಂದು, ಸಿಗ್ನಲ್ ಇಲ್ಲದೆ, ಹಳೆಯ ಗೇಟಿನ ಜಾಗದಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಸಂತೆಯ ಕಡೆಯಿಂದ ಆಂಬುಲೆನ್ಸ್ ಕೂಗುತ್ತ ಏರಿಬಂತು, ನಮ್ಮ ಪಕ್ಕದಲ್ಲೇ ಹಾದು ಆಸ್ಪತ್ರೆಯ ಕಡೆ ಇಳಿದುಹೋಯಿತು. ಅದರ ಸದ್ದು ಅಡಗುವವರೆಗೂ ಏಕನಾಥರು ಆ ಕಡೆಯೇ ನೋಡುತ್ತಿದ್ದರು.

"ನಿಲ್ಲಲಿಲ್ಲ ನೋಡವಾ," ಎಂದರು.

ಮುಂದಿನ ಚುನಾವಣೆಗೆ ಅವರೂ ನಿಲ್ಲಲಿಲ್ಲ. ಅದು ಬರುವ ಮೊದಲೇ ಹೋಗಿಬಿಟ್ಟಿದ್ದರು.

ಈಗ ನಾನು ಮಾಲತಿಯ ಅಂಗಡಿಯಲ್ಲಿದ್ದೇನೆ. ಅಂಗಡಿ ಅದೇ ಜಾಗದಲ್ಲಿದೆ, ತಲೆಯ ಮೇಲೆ ಸೇತುವೆ ಬಂದು ಸ್ವಲ್ಪ ಕತ್ತಲಾಗಿದೆ. ನನ್ನ ಅಂಟು ಬಿಟ್ಟಿದೆ, ಕುಂಕುಮದ ಕಲೆ ಕಪ್ಪಾಗಿದೆ. ಮಾಲತಿ ನನ್ನ ಮೇಲೆ ಎಲ್ಲರನ್ನೂ ಕೂರಿಸುತ್ತಾಳೆ. ರವಿಕೆಯ ಅಳತೆಗೆ ಬಂದವರು, ದಿನ ತುಂಬಿದ ಹೆಣ್ಣುಮಕ್ಕಳು, ನಿಮ್ಮಪ್ಪ ಇದರ ಮೇಲೆ ನಿಂತು ಏನು ಗೆದ್ದರು ಎಂದು ಕೇಳುವವರು, ಎಲ್ಲರೂ ಕೂರುತ್ತಾರೆ. ಅವಳು ಹೊಲಿಯುತ್ತಲೇ ಇರುತ್ತಾಳೆ. ಆದರೆ ಮೇಲೆ ಆಂಬುಲೆನ್ಸಿನ ಕೂಗು ಕೇಳಿದೊಡನೆ ಅವಳ ಕಾಲು ಯಂತ್ರದ ಮೇಲೆ ತಡೆಯುತ್ತದೆ. ಸದ್ದು ಎಲ್ಲಿಯೂ ನಿಲ್ಲದೆ ಆ ಕಡೆಗೆ ಇಳಿದುಹೋಗುವವರೆಗೆ ಕೇಳಿಸಿಕೊಂಡು, ಆಮೇಲೆ ಮತ್ತೆ ತುಳಿಯುತ್ತಾಳೆ.